ಬೆಚ್ಚಗಿದ್ದ ಬೂದಿ

ಆ ಬೇಕರಿಗೆ ಬೂದಿ ಕೇಳಿಕೊಂಡು ಬರುವವರು ಮೊದಲಿನಿಂದಲೂ ಇದ್ದರು. ಪಾತ್ರೆ ತಿಕ್ಕಲು ಒಬ್ಬರಿಗೆ, ಗಿಡದ ಬುಡಕ್ಕೆ ಇನ್ನೊಬ್ಬರಿಗೆ. ಬಕೆಟ್ ತುಂಬಿಸಿ ಕೊಟ್ಟರೆ ಖುಷಿಯಿಂದ ಹೊತ್ತುಕೊಂಡು ಹೋಗುತ್ತಿದ್ದರು. ಆದರೆ ಬೂದಿಯನ್ನು ಬೀಗ ಹಾಕಿ ಇಡಬೇಕು ಅಂದವನು ಆ ಬೀದಿಯಲ್ಲಿ ಒಬ್ಬನೇ ಒಬ್ಬ. ಅವನು ಬೇಕರಿ ಅಕ್ಕನ ಒಡಹುಟ್ಟಿದ ತಮ್ಮ. ಬೀದಿಯವರು ಅವನನ್ನು ವಿಜ್ಞಾನಿ ಎಂದು ಕರೆಯುತ್ತಿದ್ದರು, ಅದು ಹೊಗಳಿಕೆಯಲ್ಲ ಅನ್ನುವುದು ಅವನಿಗೂ ಗೊತ್ತಿತ್ತು.

ಗೊತ್ತಿಲ್ಲದೆ ಏನು, ಅವರು ಸುಮ್ಮನೆ ಕರೆಯುತ್ತಿದ್ದರೇ? ಅಣಬೆ ಬೆಳೆಯುತ್ತೇನೆಂದು ಹೊರಟು ಮಲಗುವ ಕೋಣೆಯ ಗೋಡೆ ತುಂಬ ಬೂಷ್ಟು ಬೆಳೆದವನು ಅವನು. ಸೋಡಾ ಯಂತ್ರ ತಂದು ಎದುರು ಮನೆಯ ಕಿಟಕಿ ಗಾಜಿಗೆ ಬಾಟಲಿ ಹಾರಿಸಿದವನೂ ಅವನೇ. ಅಕ್ಕ ಎರಡನ್ನೂ ಹೊಟ್ಟೆಗೆ ಹಾಕಿಕೊಂಡಿದ್ದಳು. ಅಮ್ಮ ಹೋದಾಗ ಅವನು ಅಂಗಿಯ ಗುಂಡಿ ಹಾಕಿಕೊಳ್ಳಲೂ ಬಾರದಷ್ಟು ಚಿಕ್ಕವನು. ಹಿಟ್ಟಿನ ಮೂಟೆಗಳ ಮೇಲೆ ಮಲಗಿಸಿ, ಸುಟ್ಟ ಬ್ರೆಡ್ಡಿನ ಅಂಚು ತಿನ್ನಿಸಿ ಸಾಕಿದವಳು ಇವಳು. ಊರೆಲ್ಲ ನಕ್ಕರೂ ಅವನ ಕೆಲಸ ಒಂದಾದರೂ ಕೈಗೂಡಲಿ, ಅವನು ತಲೆ ಎತ್ತಿ ಓಡಾಡುವುದನ್ನು ನೋಡಿ ಕಣ್ಣು ತಂಪಾಗಲಿ, ಇಷ್ಟೇ ಅವಳ ಆಸೆ.

ಮೂರನೆಯ ಸಾಹಸ ಈ ಎಣ್ಣೆ. ತಿಂಡಿ ಅಂಗಡಿಯವರು ಕರಿದು ಕರಿದು ಕಪ್ಪಾದ ಮೇಲೆ ಚರಂಡಿಗೆ ಚೆಲ್ಲುವ ಎಣ್ಣೆಯನ್ನು ಅವನು ಕ್ಯಾನುಗಳಲ್ಲಿ ತುಂಬಿಕೊಂಡು ಬರುತ್ತಿದ್ದ. ಅದನ್ನು ಸೋಸಿ, ಅಂಗಳದ ಈ ತುದಿಯ ಒಲೆಯಲ್ಲಿ ಬೆಚ್ಚಗೆ ಮಾಡಿ, ಆಚೆಗಿರುವ ತಗಡಿನ ಶೆಡ್ಡಿಗೆ ಒಯ್ದು, ಮೆಥನಾಲ್ ಅನ್ನುವ ಸ್ಪಿರಿಟ್ ಸೇರಿಸಿ, ಬೇಕರಿ ಒಲೆಯ ಬೂದಿ ಹಾಕಿ ಸಣ್ಣ ಮೋಟರಿನಲ್ಲಿ ತಿರುಗಿಸುತ್ತಿದ್ದ. ಬಿಟ್ಟರೆ ತಳದಲ್ಲಿ ಪಾಕದ ಹಾಗೆ ಮಂದವಾದ ಗ್ಲಿಸರಿನ್ ಕೂರುತ್ತದೆ, ಮೇಲೆ ತಿಳಿಯಾದ ಡೀಸೆಲ್ ನಿಲ್ಲುತ್ತದೆ. ಇದರಲ್ಲಿ ಬೂದಿಯ ಕೆಲಸವೇನೋ ಎಂದು ಅಕ್ಕ ಕೇಳಿದ್ದಕ್ಕೆ, ಅದು ಮದುವೆ ದಲ್ಲಾಳಿ ಇದ್ದ ಹಾಗೆ, ಎರಡು ಕಡೆಯವರನ್ನು ಕೂಡಿಸಿ ತಾನು ಪಕ್ಕಕ್ಕೆ ಸರಿದು ನಿಲ್ಲುತ್ತದೆ ಅಂದಿದ್ದ. ದಲ್ಲಾಳಿ ಎಲ್ಲಾದರೂ ಊಟ ಮಾಡದೆ ಪಕ್ಕಕ್ಕೆ ಸರಿಯುತ್ತಾನಾ ಎಂದು ಅವಳು ನಕ್ಕಿದ್ದಳು.

ಆದರೆ ದಲ್ಲಾಳಿಗೆ ಒಂದು ಗುಣ. ನೀರಿನ ಪಸೆ ಸೋಕಿದರೆ ಕೆಟ್ಟಿತು. ಒದ್ದೆ ಬೂದಿ ಬಿದ್ದರೆ ಎಣ್ಣೆಯೆಲ್ಲ ಡೀಸೆಲ್ ಆಗುವ ಬದಲು ಸೋಪಿನ ಲೋಳೆಯಾಗಿ ಕೂರುತ್ತದೆ. ಅದಕ್ಕೇ ಅವನು ಬೂದಿಯನ್ನು ಜರಡಿ ಹಿಡಿದು, ತಟ್ಟೆಗಳಲ್ಲಿ ಹರಡಿ, ಒಲೆಯ ಒಡಲೊಳಗೆ ತಳ್ಳಿ ಬೆಳ್ಳಗಾಗುವವರೆಗೆ ಹುರಿದು, ತಗಡಿನ ಡ್ರಮ್ಮಿಗೆ ತುಂಬಿಡುತ್ತಿದ್ದ. ಡ್ರಮ್ಮು ಇದ್ದದ್ದು ಒಲೆಯ ಕೋಣೆಯಲ್ಲಿ, ಗೋಡೆಯ ಪಕ್ಕ. ಬೀಗದ ಮಾತು ಮಾತಿಗೇ ಉಳಿಯಿತು. ಬೂದಿ ಕದಿಯಲು ಬರುವವನಿದ್ದರೆ ಅವನನ್ನೇ ಒಮ್ಮೆ ನೋಡಬೇಕು ಅಂದಿದ್ದಳು ಅಕ್ಕ.

ಶೆಡ್ಡಿನ ಬಾಗಿಲಿನ ಮೇಲೆ ಸುಣ್ಣದಲ್ಲಿ ದಪ್ಪಕ್ಕೆ ಬರೆದಿದ್ದ, ಒಳಗೆ ಬೆಂಕಿ ತರಬೇಡಿ ಎಂದು. ಬರೆದದ್ದು ಸಾಲದೆಂದು ಅಕ್ಕನಿಗೆ ತೋರಿಸಿಯೂ ಇದ್ದ. ಬೇಸಿಗೆಯ ಒಂದು ನಡುಹಗಲು ಅಂಗಳದಲ್ಲಿ ತಟ್ಟೆ ಇಟ್ಟು, ಒಂದು ಚಮಚ ಸ್ಪಿರಿಟ್ ಸುರಿದು, ಕಡ್ಡಿ ಗೀರಿ ಮುಟ್ಟಿಸಿದ. ಅಕ್ಕ ಬಗ್ಗಿ ನೋಡಿದಳು. ಏನೂ ಇಲ್ಲ, ಬಿಸಿಲು, ತಟ್ಟೆ, ಅಷ್ಟೇ. ಹತ್ತಿಕೊಳ್ಳಲಿಲ್ಲ ಕಣೋ ಎಂದು ಕೈ ಚಾಚಿದವಳ ಮಣಿಕಟ್ಟನ್ನು ಅವನು ಗಟ್ಟಿಯಾಗಿ ಹಿಡಿದುಕೊಂಡ.

"ಉರೀತಾ ಇದೆ ಅಕ್ಕ. ಬಿಸಿಲಲ್ಲಿ ಇದು ಕಣ್ಣಿಗೆ ಕಾಣಲ್ಲ. ಹೊಗೆನೂ ಇರಲ್ಲ. ಮೈಗೆ ಹತ್ತಿಕೊಂಡ್ರೂ ಪಕ್ಕದಲ್ಲಿರೋರಿಗೆ ಗೊತ್ತಾಗಲ್ಲ."

ಆಮೇಲೆ ಒಂದು ಚಿಟಿಕೆ ಬೂದಿ ಎತ್ತಿ ತಟ್ಟೆಯ ಮೇಲೆ ಉದುರಿಸಿದ. ಏನೂ ಇಲ್ಲದ ಕಡೆ ಹಳದಿ ನಾಲಗೆಗಳು ಎದ್ದವು, ಗೇಣುದ್ದ. ಬೂದಿ ಬಿದ್ದರೆ ಬಣ್ಣ ಬರುತ್ತದೆ ಎಂದು ಹೇಳಿ ತಟ್ಟೆಯ ಮೇಲೆ ಪಾತ್ರೆ ಮುಚ್ಚಿದ. ಆ ದಿನದಿಂದ ಅಕ್ಕ ಶೆಡ್ಡಿನ ಕಡೆ ಹೋಗುವಾಗ ಸೊಂಟಕ್ಕೆ ಸಿಕ್ಕಿಸಿಕೊಂಡ ಬೆಂಕಿಪೊಟ್ಟಣವನ್ನು ತೆಗೆದಿಟ್ಟೇ ಹೋಗುತ್ತಿದ್ದಳು.

ಬೆಂಕಿಪೊಟ್ಟಣ ತೆಗೆದಿಟ್ಟಳು ಸರಿ. ಕೆಂಡದ ವಿಷಯ ಬೇರೆ, ಅದನ್ನು ಸ್ವಲ್ಪ ಬಿಡಿಸಿಯೇ ಹೇಳಬೇಕು. ಅಮ್ಮನ ಕಾಲದಿಂದ ಆ ಒಲೆ ಆರಿರಲಿಲ್ಲ. ಸಂಜೆ ಕೊನೆಯ ತಟ್ಟೆ ಹೊರಗೆ ಬಂದ ಮೇಲೆ ನಾಲ್ಕು ಒಳ್ಳೆಯ ಕೆಂಡ ಆರಿಸಿ, ಮೂಲೆಗೆ ಸರಿಸಿ, ಮೇಲೆ ಬೂದಿ ಹೊದಿಸುವುದು. ಬೆಳಗ್ಗೆ ಬೂದಿ ಸರಿಸಿ ಊದಿದರೆ ಕೆಂಪು ಕಣ್ಣು ಬಿಡುತ್ತದೆ. ಅಮ್ಮ ಇದಕ್ಕೆ ಕೆಂಡ ಮಲಗಿಸುವುದು ಅನ್ನುತ್ತಿದ್ದಳು. ಮಳೆಗಾಲದಲ್ಲಿ ಹಿಟ್ಟು ತಂಪು ಹಿಡಿಯದಿರಲೆಂದು ಹಿಟ್ಟಿನ ಕೋಣೆಯಲ್ಲೂ ಒಂದು ಮಡಕೆಯಲ್ಲಿ ಹೀಗೇ ಕೆಂಡ ಮಲಗಿಸಿ ಇಡುವ ರೂಢಿ. ಇಡೀ ಕೋಣೆ ಬೆಚ್ಚಗೆ, ಗರಿಗರಿಯಾಗಿ ಇರುತ್ತಿತ್ತು. ಬೂದಿ ಮುಚ್ಚಿದ ಕೆಂಡ ಅಂದರೆ ಹುಷಾರು ಎಂದು ಲೋಕ ಹೇಳುತ್ತದೆ. ಆ ಮನೆಯಲ್ಲಿ ಬೂದಿ ಮುಚ್ಚಿದರೆ ಮುಗಿಯಿತು, ಅದು ಮಲಗಿತು, ಇನ್ನು ಅದರ ಯೋಚನೆ ಬೇಡ. ಬೆಂಕಿ ಅಂದರೆ ಉರಿಯುವುದು. ಮಲಗಿದ್ದನ್ನು ಅವರು ಬೆಂಕಿಯ ಲೆಕ್ಕಕ್ಕೆ ಹಿಡಿಯುತ್ತಲೇ ಇರಲಿಲ್ಲ.

ಆ ವರ್ಷ ಮಳೆ ಹಿಡಿದದ್ದು ಬಿಡಲಿಲ್ಲ. ಬಾಗಿಲುಗಳು ಉಬ್ಬಿ ಚೌಕಟ್ಟಿಗೆ ಕಚ್ಚಿಕೊಂಡವು, ಉಪ್ಪು ನೀರಾಯಿತು, ಹುರಿದಿಟ್ಟ ಬೂದಿ ಮುಚ್ಚಳದ ಒಳಗೇ ಗಾಳಿಯ ತೇವ ಕುಡಿದು ಗಂಟು ಕಟ್ಟಿತು. ತಮ್ಮನ ಎಣ್ಣೆ ಒಂದಾದ ಮೇಲೊಂದು ಸೋಪಾಯಿತು. ಅದೇ ಹೊತ್ತಿಗೆ ಬಸ್ಸಿನ ಯಜಮಾನ, ಅಂದರೆ ಊರಿನ ಒಳಗೆ ಓಡುವ ಹಳೆಯ ಬಸ್ಸುಗಳ ಒಡೆಯ, ಇವನ ಎಣ್ಣೆಯ ಸುದ್ದಿ ಕೇಳಿ ಒಮ್ಮೆ ಬಂದು ನೋಡುತ್ತೇನೆ, ಕಣ್ಣೆದುರು ಮಾಡಿ ತೋರಿಸು, ಸರಿಹೋದರೆ ನನ್ನ ಬಸ್ಸುಗಳಿಗೆಲ್ಲ ನೀನೇ ಕೊಡು ಎಂದು ಹೇಳಿಕಳಿಸಿದ್ದ. ಅಪರೂಪಕ್ಕೆ ಬಾಗಿಲಿಗೆ ಬಂದ ಅದೃಷ್ಟ, ಮನೆಯಲ್ಲಿ ನೋಡಿದರೆ ಲೋಳೆ.

ತಮ್ಮ ಊಟ ಬಿಟ್ಟ. ತಟ್ಟೆಯ ಮುಂದೆ ಕುಳಿತು, ಬೆರಳಲ್ಲಿ ಅನ್ನದ ಮೇಲೆ ಗೀಟು ಎಳೆಯುತ್ತಾ, ಈ ಸಲವೂ ಹೋದರೆ ಬಸ್ಸು ತೊಳೆಯುವ ಕೆಲಸಕ್ಕೇ ಸೇರಿಬಿಡುತ್ತೇನೆ ಅಂದ. ನಗುತ್ತಾ ಅಂದದ್ದೇ, ಆದರೆ ಆ ನಗುವನ್ನು ಅಕ್ಕನಿಗೆ ನೋಡಲಾಗಲಿಲ್ಲ.

ಆ ಸಂಜೆ ಹಿಟ್ಟಿನ ಕೋಣೆಯ ಮಡಕೆಗೆಂದು ಒಲೆಯಿಂದ ಕೆಂಡ ತೆಗೆಯುವಾಗ ಅವಳ ಕಣ್ಣು ಡ್ರಮ್ಮಿನ ಮೇಲೆ ಬಿತ್ತು. ಹಿಟ್ಟು ಒಣಗುವುದಾದರೆ ಬೂದಿ ಒಣಗದೇ? ಬೂದಿಯನ್ನು ತಳದವರೆಗೆ ಬಗೆದು, ಚಿಮಟದಲ್ಲಿ ಎರಡು ಕೆಂಡ ಇಳಿಸಿ, ಮೇಲೆ ಬೂದಿ ಎಳೆದು, ಮುಚ್ಚಳ ಸ್ವಲ್ಪ ಓರೆಯಾಗಿ ಇಟ್ಟಳು. ತಮ್ಮ ಬೂದಿಗೆಂದು ಬರುವುದು ಮಧ್ಯಾಹ್ನದ ಊಟ ಮುಗಿದ ಮೇಲೆ. ಮಾರನೆಯ ದಿನ ಅದಕ್ಕೆ ಮೊದಲೇ ಚಿಮಟ ಹಾಕಿ ಕೆಂಡವನ್ನು ಹೊರತೆಗೆದು ಒಲೆಗೆ ಹಾಕಿದಳು. ಬೂದಿ ಹೂವಿನಷ್ಟು ಹಗುರವಾಗಿತ್ತು.

ಆ ದಿನದ ಎಣ್ಣೆ ತಿಳಿಯಾಗಿ ನಿಂತಿತು. ತಮ್ಮ ಗಾಜಿನ ಬಾಟಲಿಯನ್ನು ಬೆಳಕಿಗೆ ಹಿಡಿದು ಶೆಡ್ಡಿನಿಂದ ಅಡುಗೆಮನೆಗೆ ಓಡಿಬಂದ. ಡ್ರಮ್ಮಿನ ಮುಚ್ಚಳಕ್ಕೆ ತಾನು ಸುತ್ತಿದ ರಬ್ಬರು ಪಟ್ಟಿಯಿಂದಲೇ ಇದಾಯಿತು ಎಂದು ಊಟದುದ್ದಕ್ಕೂ ವಿವರಿಸಿದ. ರಬ್ಬರು ಪಟ್ಟಿಯಂತೆ. ಅಕ್ಕ ತಲೆ ಬಗ್ಗಿಸಿ ಬಡಿಸಿದಳು. ಹೇಳಬಹುದಿತ್ತು. ಹೇಳಿದರೆ ಕೆಂಡ ಅಂದ ಕೂಡಲೇ ಅವನು ಕೂಗಾಡುತ್ತಾನೆ, ಅದು ಒಂದು. ಎಷ್ಟೋ ದಿನದ ಮೇಲೆ ಅವನು ಎರಡನೆಯ ಸಲ ಅನ್ನ ಹಾಕಿಸಿಕೊಂಡಿದ್ದ, ಅದು ಇನ್ನೊಂದು. ಪಾಪ, ರಬ್ಬರು ಪಟ್ಟಿಯೇ ಗೆದ್ದಿತು ಅಂದುಕೊಳ್ಳಲಿ ಬಿಡು ಎಂದು ಸುಮ್ಮನಾದಳು.

ಆಮೇಲೆ ಅದೇ ರೂಢಿಯಾಯಿತು. ಸಂಜೆ ಇಡುವುದು, ಮಧ್ಯಾಹ್ನದೊಳಗೆ ತೆಗೆಯುವುದು. ಒಂದು ದಿನ ತೆಗೆಯುವಾಗ ಎರಡರಲ್ಲಿ ಒಂದೇ ಕೆಂಡ ಚಿಮಟಕ್ಕೆ ಸಿಕ್ಕಿತು. ಇನ್ನೊಂದು ಸುಟ್ಟು ಬೂದಿಯಾಗಿರಬೇಕು ಎಂದುಕೊಂಡು ಕೈ ಹಾಕಿ ಬಗೆಯುವಷ್ಟರಲ್ಲಿ ಅಂಗಡಿಯ ಕಡೆಯಿಂದ ಯಾರೋ ಕರೆದರು. ಆ ದಿನ ಏನೂ ಆಗಲಿಲ್ಲ. ಹೇಗೂ ತಮ್ಮ ಮೇಲಿಂದ ಮೂರು ನಾಲ್ಕು ಸೌಟು ತೋಡಿಕೊಳ್ಳುತ್ತಾನೆ, ತಳಕ್ಕೆ ಅವನ ಕೈ ಹೋಗುವುದೇ ಇಲ್ಲವಲ್ಲ ಎಂದು ತನಗೆ ತಾನೇ ಹೇಳಿಕೊಂಡಳು. ಆದರೂ ಆ ರಾತ್ರಿ ನಿದ್ದೆ ಸರಿಯಾಗಿ ಬರಲಿಲ್ಲ.

ಯಜಮಾನ ಬರುವ ಹಿಂದಿನ ಸಂಜೆ ಮಳೆ ಛಾವಣಿಯ ಮೇಲೆ ಕಲ್ಲು ಸುರಿದ ಹಾಗೆ ಸುರಿಯಿತು. ನಾಳೆ ಊಟದ ನಂತರ ಬರುತ್ತಾನಂತೆ, ದೊಡ್ಡ ಪಾತ್ರೆಯಲ್ಲೇ ಮಾಡಿ ತೋರಿಸಬೇಕು, ಬೂದಿ ಒಣಗಿರಲಿ ದೇವರೇ ಎಂದು ತಮ್ಮ ಹತ್ತು ಸಲ ಹೇಳಿದ. ಅಕ್ಕ ಒಲೆಯೊಳಗಿನ ಕೆಂಡಗಳಲ್ಲಿ ದಪ್ಪನೆಯವನ್ನೇ ಆರಿಸಿದಳು. ಎರಡರ ಬದಲು ಮೂರು ಇಟ್ಟಳು. ಮುಚ್ಚಳದ ಮೇಲೆ ಅಂಗೈ ಊರಿ ನಿಂತಾಗ ತಗಡು ಬೆಚ್ಚಗೆ ಮುಟ್ಟಿತು, ಅವಳಿಗೆ ಸಮಾಧಾನವಾಯಿತು.

ಬೆಳಗ್ಗೆ ಎದ್ದರೆ ಮಳೆ ಇಲ್ಲ. ಮೋಡ ಹರಿದು, ಕಣ್ಣು ಕುಕ್ಕುವ ಬಿಸಿಲು. ಬೀದಿಯವರೆಲ್ಲ ಹಾಸಿಗೆ, ಬಟ್ಟೆ, ಚಪ್ಪಲಿ ಹೊರಗೆ ಹರಡಿದರು. ಬ್ರೆಡ್ ಹಾಕಿ ಬರುವವನಿಗೆ ಜ್ವರ, ಹಾಸ್ಟೆಲ್ಲಿಗೆ ಅಕ್ಕನೇ ಸೈಕಲ್ ಗಾಡಿ ತಳ್ಳಿಕೊಂಡು ಹೊರಡಬೇಕಾಯಿತು. ಹೊರಡುವಾಗ ಡ್ರಮ್ಮಿನ ಕಡೆ ನೋಡಿದಳು. ಬಂದು ತೆಗೆದರಾಯಿತು, ಇನ್ನೂ ಬೇಕಾದಷ್ಟು ಹೊತ್ತಿದೆ, ಈಗಲೇ ತೆಗೆದರೆ ಮತ್ತೆ ತಂಪು ಹಿಡಿದೀತು. ಹೀಗೆ ಅಂದುಕೊಂಡೇ ಹೊರಟಳು.

ಹಾಸ್ಟೆಲ್ ಗೇಟಿನಲ್ಲಿ ಬ್ರೆಡ್ ಇಳಿಸುತ್ತಿದ್ದಾಗ ಅಲ್ಲಿನ ಕಾವಲುಗಾರ, ಇವತ್ತು ನಿಮ್ಮ ಮನೆಗೆ ದೊಡ್ಡ ಮನುಷ್ಯರು ಬಂದಿದ್ದಾರಲ್ಲ ಅಂದ. ಈಗಷ್ಟೇ ಡ್ಯೂಟಿಗೆ ಬರುವಾಗ ಬಸ್ಸಿನ ಯಜಮಾನರ ಕಾರು ನಿಮ್ಮ ಅಂಗಳದಲ್ಲೇ ನಿಂತಿದ್ದನ್ನು ನೋಡಿದೆ, ವಿಜ್ಞಾನಿಗಳು ಡ್ರಮ್ಮನ್ನೇ ಹೊತ್ತುಕೊಂಡು ಶೆಡ್ಡಿಗೆ ಹೋಗುತ್ತಿದ್ದರು, ಏನು ಗತ್ತು ಅಂತೀರಿ ಎಂದು ನಕ್ಕ.

ಡ್ರಮ್ಮನ್ನೇ. ಊಟದ ನಂತರ ಬರುತ್ತೇನೆಂದವನು ಆಗಲೇ ಬಂದಿದ್ದಾನೆ. ದೊಡ್ಡ ಪಾತ್ರೆ, ದೊಡ್ಡ ಅಳತೆ, ಇವತ್ತು ಸೌಟಿನ ಮಾತಿಲ್ಲ, ಅವನು ಡ್ರಮ್ಮನ್ನು ಬಗ್ಗಿಸಿ ತಳದವರೆಗೆ ಸುರಿಯುತ್ತಾನೆ. ಇದು ನಿನ್ನೆಯೇ ಹೊಳೆಯಬಾರದಿತ್ತೇ? ಅಟ್ಟ ಮೇಲೆ ಒಲೆ ಉರಿಯಿತು, ಕೆಟ್ಟ ಮೇಲೆ ಬುದ್ಧಿ ಬಂತು. ಗಾಡಿಯನ್ನು ಅಲ್ಲೇ ಬಿಟ್ಟು ಓಡಿದಳು. ಓಡುತ್ತಲೇ ಮನೆಯ ದಿಕ್ಕಿನ ಆಕಾಶ ನೋಡಿದಳು. ಹೊಗೆ ಇರಲಿಲ್ಲ. ದೇವರು ದೊಡ್ಡವನು ಅಂದುಕೊಂಡಳು. ಆ ಕ್ಷಣವೇ ತಮ್ಮ ಹೇಳಿದ್ದು ನೆನಪಾಯಿತು, ಹೊಗೆನೂ ಇರಲ್ಲ ಎಂದು.

ಅಂಗಳದಲ್ಲಿ ಬಸ್ಸಿನ ಯಜಮಾನ ಕಾರಿಗೆ ಬೆನ್ನು ಕೊಟ್ಟು ನಿಂತಿದ್ದ. ಮುಖದಲ್ಲಿ ಗಾಬರಿಗಿಂತ ಗೊಂದಲವೇ ಹೆಚ್ಚು. ಶೆಡ್ಡಿನ ಬಾಗಿಲಿನ ಎದುರು ಬಿಸಿಲಲ್ಲಿ ತಮ್ಮ ಎರಡು ತೋಳನ್ನೂ ಮೈಗೆ ಬಡಿದುಕೊಳ್ಳುತ್ತಾ ಸುತ್ತುತ್ತಿದ್ದ, ಜೇನುಹುಳ ಮುತ್ತಿದವರ ಹಾಗೆ. ಬೆಂಕಿ ಎಲ್ಲೂ ಕಾಣಲಿಲ್ಲ. ಯಾಕಯ್ಯಾ ಕುಣೀತಾ ಇದ್ದೀಯ, ಏನಾಯ್ತು ಎಂದು ಯಜಮಾನ ಕೇಳುತ್ತಲೇ ಇದ್ದ. ತಮ್ಮ ಇವಳನ್ನು ನೋಡಿದ.

"ಬರ್ಬೇಡ ಅಕ್ಕ. ಅಲ್ಲೇ ನಿಲ್ಲು. ನೆಲಾನೂ ಉರೀತಿದೆ."

ಅವಳ ಕಾಲು ನಿಂತಿತು. ಬಿಸಿಲು, ಒದ್ದೆ ಅಂಗಳ, ತಮ್ಮ. ಅವನ ಅಂಗಿಯ ತೋಳಿನಲ್ಲಿ ತೂತುಗಳು ತಾವಾಗಿಯೇ ದೊಡ್ಡದಾಗುತ್ತಿದ್ದವು, ಬಾಗಿಲಿನ ಮೇಲೆ ಸುಣ್ಣದ ಅಕ್ಷರಗಳು ಹೊಪ್ಪಳೆ ಎದ್ದು ಕಪ್ಪಾಗುತ್ತಿದ್ದವು. ಎಲ್ಲಿ ಹೆಜ್ಜೆ ಇಡುವುದು, ಅವನನ್ನು ಎಲ್ಲಿ ಮುಟ್ಟುವುದು? ಗೋಡೆಯ ಬುಡದಲ್ಲಿ ಬೆಳಗಿನ ಬೂದಿಯ ಬಕೆಟ್ ಇತ್ತು, ಗಿಡಕ್ಕೆಂದು ಯಾರಿಗೋ ಎತ್ತಿಟ್ಟದ್ದು. ಎರಡು ಕೈಯಲ್ಲೂ ಎತ್ತಿ ಬೀಸಿ ಎರಚಿದಳು.

ಆಗ ಕಂಡಿತು. ಶೆಡ್ಡಿನ ಒಳಗಿನಿಂದ ಅವಳ ಕಾಲಿನಿಂದ ಗೇಣು ದೂರದವರೆಗೆ ನೆಲ ಹಳದಿಯಾಗಿ ಎದ್ದಿತು. ತಮ್ಮನ ಎರಡೂ ಕೈ ಬೆರಳ ತುದಿಯಿಂದ ಹೆಗಲವರೆಗೆ ಉರಿಯುತ್ತಿದ್ದವು, ಅಷ್ಟು ಹೊತ್ತೂ ಉರಿಯುತ್ತಲೇ ಇದ್ದವು. ಯಜಮಾನ ಕಿರುಚಿದ. ಅಕ್ಕ ಒಳಗೆ ಓಡಿ, ಹಿಟ್ಟು ಮುಚ್ಚುವ ಒದ್ದೆ ಬಟ್ಟೆಗಳನ್ನು ರಾಶಿಯಾಗಿ ಬಾಚಿ ತಂದು, ಉಳಿದ ಬೂದಿಯನ್ನು ದಾರಿಗೆ ಚೆಲ್ಲಿ, ಉರಿ ಎಲ್ಲಿಲ್ಲವೋ ಅಲ್ಲಿ ಕಾಲಿಟ್ಟು ಅವನನ್ನು ಸುತ್ತಿ ಹೊರಗೆ ಎಳೆದಳು. ಅವರು ಅಂಗಳ ದಾಟಿದ ಮೇಲೆ ಸ್ಪಿರಿಟ್ ಕ್ಯಾನು ಸಿಡಿಯಿತು. ಶೆಡ್ಡಿನ ತಗಡು ಬೀದಿಗೆ ಬಂದು ಬಿತ್ತು.

ಜೀವ ಉಳಿಯಿತು. ಆಸ್ಪತ್ರೆಯ ಡಾಕ್ಟರು ಅಕ್ಕನನ್ನು ಕಾರಿಡಾರಿಗೆ ಕರೆದು, ಕೈಗಳ ವಿಷಯದಲ್ಲಿ ಮಾತ್ರ ಆಸೆ ಕಡಿಮೆ ಇಟ್ಟುಕೊಳ್ಳಿ, ಬೆರಳುಗಳು ಮೊದಲಿನಂತೆ ಬಿಚ್ಚಲಾರವು ಅಂದರು. ಅವಳು ತಲೆಯಾಡಿಸಿದಳು. ಒಂದು ವಾರ ಬೆಳಗ್ಗೆ ಬ್ರೆಡ್ ಬೇಯಿಸಿ ಹಾಸ್ಟೆಲ್ಲಿಗೆ ಹಾಕಿ, ಸಂಜೆ ಒಲೆ ಮುಗಿಸಿ ಆಸ್ಪತ್ರೆಗೆ ಬರುವುದು, ಅವನಿಗೆ ಚಮಚದಲ್ಲಿ ಗಂಜಿ ಕುಡಿಸುವುದು. ಚಿಕ್ಕವನಿದ್ದಾಗ ಬಾಯಿ ತೆರೆದ ಹಾಗೇ ಈಗಲೂ ತೆರೆಯುತ್ತಿದ್ದ. ಒಂದು ತುತ್ತಿಗೂ ಅವಳು ಅವನ ಕಣ್ಣನ್ನು ನೋಡಲಾರದೆ ಹೋದಳು.

ಮಾತು ಬರುವಷ್ಟು ಚೇತರಿಸಿಕೊಂಡ ಸಂಜೆ ಅವನೇ ಶುರುಮಾಡಿದ. ಮಲಗಿದಲ್ಲೇ ಎಲ್ಲ ಯೋಚಿಸಿದ್ದನಂತೆ. ಮೋಟರಿನ ವೈರು ಸರಿ ಇತ್ತು, ಎಣ್ಣೆ ಕಾಯಿಸುವ ಒಲೆ ಅಂಗಳದ ಇನ್ನೊಂದು ತುದಿಯಲ್ಲಿತ್ತು, ಬೇಗ ಬಂದ ಯಜಮಾನನ ಜೇಬಿನಲ್ಲಿ ಲೈಟರ್ ಇತ್ತು. ಇನ್ನು ಸಂಶಯವೇ ಬೇಡ, ಅವನೇ ಏನೋ ಮಾಡಿದ್ದಾನೆ. ನಾಳೆ ಪೊಲೀಸರು ವಿಚಾರಣೆಗೆ ಬರುತ್ತಾರೆ, ಅವನ ಹೆಸರು ಹೇಳುತ್ತೇನೆ, ಅವನು ಅನುಭವಿಸಲಿ. ಆಮೇಲೆ ಹೊಸ ಶೆಡ್ ಕಟ್ಟಿ ಮತ್ತೆ ಶುರು.

"ಬೂದಿ ಮಾತ್ರ ಅದೇ ಇರ್ಲಿ ಅಕ್ಕ. ನೀನೇ ಹುರಿದು, ರಬ್ಬರು ಪಟ್ಟಿ ಸುತ್ತಿಟ್ಟಿರು, ಸಾಕು."

ಅಕ್ಕ ಚಮಚವನ್ನು ಬಟ್ಟಲಿಗೆ ಇಳಿಸಿದಳು. ಸುಮ್ಮನಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ. ಡ್ರಮ್ಮಿಲ್ಲ, ಕೆಂಡವಿಲ್ಲ, ಸಾಕ್ಷಿಯಿಲ್ಲ. ಸುಮ್ಮನಿದ್ದರೆ ಒಬ್ಬ ನಿರಪರಾಧಿಯ ತಲೆಗೆ ಇದು ಹೋಗುತ್ತದೆ, ಈ ಹುಡುಗ ಇನ್ನೊಂದು ಡ್ರಮ್ಮನ್ನು ಇನ್ನೊಂದು ಪಾತ್ರೆಗೆ ಸುರಿಯುತ್ತಾನೆ.

"ಕಿಡಿ ಅವರದ್ದಲ್ಲ ಕಣೋ," ಅಂದಳು. "ಬೂದಿ ಒಣಗ್ಲಿ ಅಂತ ಡ್ರಮ್ಮಿನ ತಳದಲ್ಲಿ ಕೆಂಡ ಮಲಗಿಸ್ತಿದ್ದೆ. ದಿನಾ. ಅವತ್ತು ತೆಗೀಲಿಲ್ಲ."

ಬೈಯಲಿ, ಎದ್ದು ಹೋಗು ಅನ್ನಲಿ, ಏನಾದರೂ ಅನ್ನಲಿ ಎಂದು ಅಕ್ಕ ಕಾಯುತ್ತಿದ್ದಳು.

"ಅದಕ್ಕೇ ಬೆಚ್ಚಗಿತ್ತು," ಅಂದ ಅವನು. "ಸುರಿಯೋ ಮೊದ್ಲು ಕೈ ಹಾಕಿ ನೋಡ್ದೆ ಅಕ್ಕ. ಮೊಣಕೈವರೆಗೂ. ಇವತ್ತು ಗೆದ್ದೆ ಅಂದ್ಕೊಂಡೆ."

ಅವಳು ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಅವನು ಕಣ್ಣು ಮುಚ್ಚಿದ, ಮುಚ್ಚಿದವನು ತಟ್ಟನೆ ತೆರೆದು, ಮೊದಲ ಸಲ ಅವಳ ಮುಖವನ್ನೇ ನೆಟ್ಟು ನೋಡಿ ಕೇಳಿದ.

"ಇವತ್ತೂ ಮಲಗಿಸಿ ಬಂದ್ಯಾ?"

ಅಕ್ಕ ಇಲ್ಲ ಅನ್ನಲು ಬಾಯಿ ತೆರೆದಳು. ಆಗ ಚಿಮಟ ನೆನಪಾಯಿತು. ಕೊನೆಯ ತಟ್ಟೆ ಹೊರಗೆ ತೆಗೆದದ್ದು, ನಾಲ್ಕು ಕೆಂಡ ಮೂಲೆಗೆ ಸರಿಸಿದ್ದು, ಎರಡನ್ನು ಹಿಟ್ಟಿನ ಕೋಣೆಯ ಮಡಕೆಗೆ ಇಳಿಸಿದ್ದು. ತಮ್ಮ ಹೇಗಿದ್ದಾನೋ ಎಂದು ಯೋಚಿಸುತ್ತಲೇ ಕೈ ಅಷ್ಟನ್ನೂ ಮಾಡಿ ಮುಗಿಸಿತ್ತು, ಈ ಒಂದು ವಾರವೂ ಮಾಡಿತ್ತು. ಹಿಟ್ಟಿನ ಕೋಣೆಯ ಪಕ್ಕದ ಗೋಡೆಗೆ ಒರಗಿಸಿ, ಶೆಡ್ಡು ಸುಟ್ಟ ಮೇಲೆ ಉಳಿದ ಎಣ್ಣೆ ಕ್ಯಾನುಗಳನ್ನೆಲ್ಲ ಅವಳೇ ಸಾಲಾಗಿ ಇಟ್ಟಿದ್ದಳು.

"ಹೋಗು ಅಕ್ಕ," ಅಂದ ತಮ್ಮ. "ಮೊದ್ಲು ಹೋಗಿ ಆರಿಸು."

ಮನೆ ಹಾಗೇ ಇತ್ತು. ಬೀಗ ತೆಗೆದು, ದೀಪದ ಸ್ವಿಚ್ಚನ್ನೂ ಮುಟ್ಟದೆ, ಸಂಜೆಯ ಉಳಿದ ಬೆಳಕಲ್ಲೇ ಮಡಕೆಯನ್ನು ಅಂಗಳಕ್ಕೆ ತಂದು ನೀರು ಸುರಿದಳು. ಆಮೇಲೆ ಕೊಡಗಟ್ಟಲೆ ನೀರು ಹೊತ್ತು ಒಲೆಯ ಬಾಯಿಗೆ ಸುರಿದಳು. ಅಮ್ಮನ ಕಾಲದ ಬೆಂಕಿ ಬುಸ್ಸೆಂದು ಎದ್ದು, ಕೋಣೆ ತುಂಬ ಆವಿಯಾಗಿ, ಆರಿತು. ಅವಳು ಮಂಡಿಯೂರಿ ಕುಳಿತು ಒದ್ದೆ ಬೂದಿಯೊಳಗೆ ಮೊಣಕೈವರೆಗೆ ಕೈ ಇಳಿಸಿ ಮೂಲೆ ಮೂಲೆ ತಡಕಿದಳು. ತಣ್ಣಗಿತ್ತು. ಕೈ ತೆಗೆದು, ಸೀರೆಗೆ ಒರೆಸಿಕೊಂಡು, ಮತ್ತೆ ಇಳಿಸಿ ಮೊದಲಿನಿಂದ ತಡಕಲು ಶುರುಮಾಡಿದಳು.